‘ಪರ್ಪಲ್ ಹೇಜ್’: ಒಂದೇ ಕಾರ್ಡ್‌ನಲ್ಲಿ ಎರಡು ಗಾಂಧಾರ

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ‘ಪರ್ಪಲ್ ಹೇಜ್’ ಹಾಡನ್ನು ಮೂರು ವಾರಗಳಿಂದ ಗಿಟಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಅದರ ಮುಖ್ಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೆರಳುಗಳಿಗೆ ಎರಡೇ ದಿನದಲ್ಲಿ ಒಲಿಯಿತು. ತಲೆಗೆ ಹತ್ತಲು ಮಾತ್ರ ಉಳಿದ ದಿನಗಳೆಲ್ಲ ಬೇಕಾದವು. ಅರ್ಥವಾದದ್ದು ಮಾಸಿಹೋಗುವ ಮುನ್ನ ಬರೆದಿಡುತ್ತಿದ್ದೇನೆ.

ಹಾಡು ಹುಟ್ಟಿದ್ದು 1966ರ ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ. ಬಾಸ್ ಗಿಟಾರಿನಲ್ಲಿ ನೋಯೆಲ್ ರೆಡ್ಡಿಂಗ್, ಡ್ರಮ್ಸ್‌ನಲ್ಲಿ ಮಿಚ್ ಮಿಚೆಲ್ ಇದ್ದರು. ಚಾಸ್ ಚಾಂಡ್ಲರ್ ನಿರ್ಮಾಪಕರು. ಬ್ರಿಟನ್ನಿನಲ್ಲಿ ಅದು 1967ರ ಮಾರ್ಚ್ 17ರಂದು ಬಿಡುಗಡೆಯಾಯಿತು.

ಆರಂಭದ ಕರ್ಕಶ ಬಡಿತದಲ್ಲಿ ಬಾಸ್ ‘ಇ’ ಸ್ವರವನ್ನು ಹಿಡಿದಿದ್ದರೆ ಗಿಟಾರು ‘ಬಿ ಫ್ಲ್ಯಾಟ್’ (ಅರ್ಧ ಸ್ವರ ಇಳಿಸಿದ ‘ಬಿ’) ನುಡಿಸುತ್ತದೆ. ‘ಇ’ಯನ್ನು ಷಡ್ಜವೆಂದುಕೊಂಡರೆ ಇದು ಪ್ರತಿ ಮಧ್ಯಮದ ಸ್ಥಾನ, ಅಂದರೆ ಸ್ಥಾಯಿಯ ಸರಿಯಾದ ನಡುಬಿಂದು. ಗಿಟಾರಿನ ಸ್ವರ ಷಡ್ಜವೂ ಅಲ್ಲ, ಪಂಚಮವೂ ಅಲ್ಲದ್ದರಿಂದ ಕಿವಿಗೆ ನೆಲೆ ಸಿಗುವುದಿಲ್ಲ.

ನನ್ನನ್ನು ಕಾಡಿದ ಕಾರ್ಡ್‌ನ ಹೆಸರು ‘ಇ ಸೆವೆನ್ ಶಾರ್ಪ್ ನೈನ್’. ಹಿಡಿಯುವ ಬಗೆ ಹೀಗೆ: ಐದನೆಯ ತಂತಿಯ ಏಳನೆಯ ಫ್ರೆಟ್‌ನಲ್ಲಿ (ಗಿಟಾರಿನ ಹಿಡಿಯ ಮೇಲಿನ ಮೆಟ್ಟಿಲು) ‘ಇ’, ನಾಲ್ಕನೆಯ ತಂತಿಯ ಆರರಲ್ಲಿ ‘ಜಿ ಶಾರ್ಪ್’ (ಅರ್ಧ ಸ್ವರ ಏರಿಸಿದ ‘ಜಿ’), ಮೂರನೆಯ ತಂತಿಯ ಏಳರಲ್ಲಿ ‘ಡಿ’, ಎರಡನೆಯ ತಂತಿಯ ಎಂಟರಲ್ಲಿ ‘ಜಿ’. ನಾನು ಎಡವಿದ್ದು ಈ ಕೊನೆಯ ಸ್ವರದಲ್ಲಿ. ‘ಇ’ಯಿಂದ ನೋಡಿದರೆ ‘ಜಿ ಶಾರ್ಪ್’ ಮೇಜರ್ ಥರ್ಡ್ (ನಾಲ್ಕು ಅರ್ಧ ಸ್ವರ ಮೇಲಿನದು), ‘ಜಿ’ ಮೈನರ್ ಥರ್ಡ್ (ಮೂರು ಅರ್ಧ ಸ್ವರ ಮೇಲಿನದು). ಮೇಜರ್ ಕಾರ್ಡ್ ಬೇರೆ, ಮೈನರ್ ಕಾರ್ಡ್ ಬೇರೆ ಎಂದು ಮೊದಲ ಪಾಠದಲ್ಲೇ ಕಲಿತವನಿಗೆ ಎರಡೂ ಒಂದೇ ಕಾರ್ಡ್‌ನಲ್ಲಿ ಹೇಗಿರುತ್ತವೆ, ಇದ್ದರೂ ಮೈನರ್ ಥರ್ಡ್ ಅನ್ನು ‘ಏರಿಸಿದ ಒಂಬತ್ತು’ ಎಂದು ಏಕೆ ಕರೆಯಬೇಕು ಎಂಬುದು ಬಗೆಹರಿಯಲಿಲ್ಲ.

ಪುಸ್ತಕದ ಉತ್ತರ ಇಷ್ಟು: ಕಾರ್ಡ್ ಕಟ್ಟುವಾಗ ಒಂದು, ಮೂರು, ಐದು, ಏಳು, ಒಂಬತ್ತು ಎಂದು ಮನೆಗಳನ್ನು ತುಂಬುತ್ತ ಹೋಗುತ್ತೇವೆ. ಮೂರನೆಯ ಮನೆಯನ್ನು ‘ಜಿ ಶಾರ್ಪ್’ ಆಗಲೇ ತುಂಬಿದೆ. ಆದ್ದರಿಂದ ‘ಜಿ’ಗೆ ಒಂಬತ್ತನೆಯ ಮನೆಯೇ ಗತಿ, ಅಲ್ಲಿ ಸಹಜವಾಗಿ ಇರಬೇಕಾದದ್ದು ‘ಎಫ್ ಶಾರ್ಪ್’, ಅದನ್ನು ಅರ್ಧ ಸ್ವರ ಏರಿಸಿದರೆ ‘ಜಿ’ಯ ಶ್ರುತಿ ಬರುತ್ತದೆ. ಇದನ್ನು ಹತ್ತು ಸಲ ಓದಿದರೂ ನನಗೆ ಲೆಕ್ಕದ ಸರ್ಕಸ್ಸಿನಂತೆಯೇ ಕಂಡಿತು.

ಗಂಟು ಬಿಚ್ಚಿದ್ದು ಬಾಲ್ಯದ ಕರ್ನಾಟಕ ಸಂಗೀತದ ಪಾಠ. ನಾಟ ರಾಗದಲ್ಲಿ ಷಟ್ಶ್ರುತಿ ರಿಷಭ ಮತ್ತು ಅಂತರ ಗಾಂಧಾರ ಎರಡೂ ಇವೆ. ಆ ಷಟ್ಶ್ರುತಿ ರಿಷಭ ನಿಂತಿರುವ ಸ್ಥಾನವೇ ಬೇರೆ ರಾಗಗಳಲ್ಲಿ ಸಾಧಾರಣ ಗಾಂಧಾರ ಎನಿಸಿಕೊಳ್ಳುತ್ತದೆ. ಸ್ಥಾನ ಒಂದೇ, ಹೆಸರು ಎರಡು. ಅಂತರ ಗಾಂಧಾರವು ಗಾಂಧಾರದ ಪೀಠದಲ್ಲಿ ಕುಳಿತಾಗ ಕೆಳಗಿನದು ರಿಷಭವಾಗಲೇಬೇಕು. ‘ಶಾರ್ಪ್ ನೈನ್’ ಎಂದರೆ ನಮ್ಮ ಷಟ್ಶ್ರುತಿ ರಿಷಭವೇ, ಒಂದು ಸ್ಥಾಯಿ ಮೇಲಿನದು. ಹಾಗಾಗಿ ಇಡೀ ಕಾರ್ಡ್ ಅನ್ನು ಷಡ್ಜ, ಅಂತರ ಗಾಂಧಾರ, ಕೈಶಿಕಿ ನಿಷಾದ, ತಾರಸ್ಥಾಯಿಯ ಷಟ್ಶ್ರುತಿ ರಿಷಭ ಎಂದು ಹೇಳಿಕೊಂಡರೆ ಸಾಕು, ಮರೆಯುವ ಪ್ರಶ್ನೆಯೇ ಇಲ್ಲ. ಪಂಚಮವನ್ನು ಈ ಹಿಡಿತದಲ್ಲಿ ಬಿಟ್ಟಿದ್ದಾರೆ.

ಆದರೆ ಈ ಅಡ್ಡದಾರಿ ಹೆಸರನ್ನು ಮಾತ್ರ ಬಿಡಿಸುತ್ತದೆ, ಭಾವವನ್ನಲ್ಲ. ನಾಟದಲ್ಲಿ ಆ ಎರಡು ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಒಟ್ಟಿಗೆ ಮೊಳಗುತ್ತವೆ. ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯ ಶೈಲಿ) ಗಾಯಕರು ಎರಡು ಥರ್ಡ್‌ಗಳ ನಡುವೆ ದನಿಯನ್ನು ಜಾರಿಸುತ್ತಾರೆ, ಗಿಟಾರ್ ವಾದಕರು ತಂತಿಯನ್ನು ಎಳೆದು ಅದನ್ನೇ ಮಾಡುತ್ತಾರೆ. ಆ ಜಾರಿನ ಎರಡು ತುದಿಗಳನ್ನು ಒಂದೇ ಏಟಿಗೆ ನುಡಿಸಿದರೆ ಈ ಕಾರ್ಡ್ ಆಗುತ್ತದೆ. ಎಂದರೆ ವ್ಯಾಕರಣಕ್ಕೆ ‘ಜಿ’ ರಿಷಭ, ಕಿವಿಗೆ ಗಾಂಧಾರ. ಕೀಬೋರ್ಡಿನಲ್ಲಿ ‘ಜಿ’ ಮತ್ತು ‘ಜಿ ಶಾರ್ಪ್’ಗಳನ್ನು ಪಕ್ಕಪಕ್ಕದಲ್ಲೇ ಒತ್ತಿದಾಗ ಹಲ್ಲು ಜುಮ್ಮೆಂದಿತು. ‘ಜಿ’ಯನ್ನು ಒಂದು ಸ್ಥಾಯಿ ಮೇಲಕ್ಕೊಯ್ದು ನಡುವೆ ‘ಡಿ’ ಸೇರಿಸಿದೊಡನೆ ಅದೇ ಕರ್ಕಶತೆ ಗಡುಸಾದ, ಸೊಗಸಾದ ನಾದವಾಯಿತು. ನೀವೂ ಇದನ್ನು ಒಮ್ಮೆ ಒತ್ತಿ ನೋಡಲೇಬೇಕು. ಚರಣದಲ್ಲಿ ಇದರ ಬೆನ್ನಿಗೆ ‘ಜಿ’ ಕಾರ್ಡ್, ಆಮೇಲೆ ‘ಎ’ ಕಾರ್ಡ್ ಬರುತ್ತವೆ. ಮೊದಲ ಕಾರ್ಡ್‌ನ ನೆತ್ತಿಯಲ್ಲಿದ್ದ ತಕರಾರಿನ ಸ್ವರವೇ ಎರಡನೆಯದಕ್ಕೆ ಆಧಾರವಾಗುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸೋಲೋದಲ್ಲಿ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಕೇಳುವ ಚೂಪಾದ ಮೇಲ್ಸ್ಥಾಯಿಯ ನೆರಳು ರೋಜರ್ ಮೇಯರ್ ರೂಪಿಸಿದ ಆಕ್ಟೇವಿಯಾ ಎಂಬ ಉಪಕರಣದ್ದು. ಅದು ಧ್ವನಿತರಂಗದ ಕೆಳಗಿನ ಅರ್ಧವನ್ನು ಮೇಲಕ್ಕೆ ಮಗುಚುತ್ತದೆ. ಒಂದು ಆವರ್ತಕ್ಕೆ ಒಂದಿದ್ದ ಶಿಖರ ಎರಡಾಗಿ, 440 ಹರ್ಟ್ಸ್ ಸ್ವರದಿಂದ 880 ಹರ್ಟ್ಸ್ ಕೇಳತೊಡಗುತ್ತದೆ.

ಹಾಡಿನ ಅರ್ಥದ ಬಗ್ಗೆ ಅನೇಕರು ಮಾದಕದ್ರವ್ಯದ ಅಮಲಿನ ವರ್ಣನೆ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಹೆಂಡ್ರಿಕ್ಸ್ ಅವರೇ ತಾವು ಸಮುದ್ರದಡಿಯಲ್ಲಿ ನಡೆಯುತ್ತಿದ್ದಂತೆ ಕಂಡ ಕನಸನ್ನು ಇದರ ಮೂಲವೆಂದು ಹೇಳಿದ್ದರು. ಸಾಹಿತ್ಯವನ್ನು ನಿಧಾನವಾಗಿ ಓದಿದರೆ ಅಲ್ಲಿರುವುದು ಹುಡುಗಿಯೊಬ್ಬಳ ಮೋಡಿಗೆ ಸಿಕ್ಕಿ ದಿಕ್ಕುಗೆಟ್ಟವನ ದನಿ: ಮೇಲೇರುತ್ತಿದ್ದೇನೋ ಕೆಳಗಿಳಿಯುತ್ತಿದ್ದೇನೋ, ಹಗಲೋ ಇರುಳೋ ತಿಳಿಯದವನು. ಸುಖದಲ್ಲಿದ್ದೇನೆಯೇ ಸಂಕಟದಲ್ಲಿದ್ದೇನೆಯೇ ಎಂದೂ ಅವನು ಕೇಳಿಕೊಳ್ಳುತ್ತಾನೆ. ಮೇಜರ್ ಎಂದರೆ ಹರ್ಷ, ಮೈನರ್ ಎಂದರೆ ವಿಷಾದ ಎಂದು ನಂಬಿ ಬೆಳೆದ ಕಿವಿಗೆ ಆ ಪ್ರಶ್ನೆಯ ಎರಡೂ ಬದಿಗಳು ಅದೇ ಕಾರ್ಡ್‌ನ ನಾಲ್ಕು ತಂತಿಗಳೊಳಗೆ ಕೇಳಿಸುತ್ತವೆ. ಆ ಸಾಲು ಬಂದಾಗಲೆಲ್ಲ ನಾನು ಎರಡನೆಯ ತಂತಿಯನ್ನು ಕೊಂಚ ಬಲವಾಗಿ ಮೀಟುತ್ತೇನೆ.