ಮ್ಯಾನುಯಲ್ ಗೇರ್‌ಬಾಕ್ಸ್ ತಡೆಯುತ್ತಾ? ತಡೆಯುತ್ತೆ ಸ್ವಾಮಿ!

ಓದುಗರ ಪ್ರಶ್ನೆ: ಮ್ಯಾನುಯಲ್ ಇರುವ ಸ್ಪೋರ್ಟ್ಸ್ ಕಾರು ತಗೊಳ್ಳೋ ಆಸೆ. ಆದರೆ ಈಗಿನ ಎಂಜಿನ್‌ಗಳ ಪವರ್‌ಗೆ ಮ್ಯಾನುಯಲ್ ತಡೆಯಲ್ಲ, ಅದಕ್ಕೇ ಕಂಪನಿಗಳು ನಿಲ್ಲಿಸುತ್ತಿವೆ ಅಂತಾರೆ. ನಿಜಾನಾ?

ಉತ್ತರ: ಸುಳ್ಳು. ಧೈರ್ಯವಾಗಿ ತಗೊಳ್ಳಿ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಿದರಾಯಿತು.

‘ತಡೆಯಲ್ಲ’ ಅನ್ನುವವರು ಮೊದಲು ಕೈ ತೋರಿಸುವುದು ಬಿಎಂಡಬ್ಲ್ಯು ಎಂ3 ಕಡೆಗೆ. ಜಿ80 ತಲೆಮಾರಿನ ಎಂ3ಯಲ್ಲಿ ಮ್ಯಾನುಯಲ್ ಮಾಡೆಲ್‌ಗೆ 550 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸುವ ಬಲ), ಕಾಂಪಿಟಿಷನ್ ಮಾಡೆಲ್‌ಗೆ 650, ಅದು ಬರೀ ಆಟೊಮ್ಯಾಟಿಕ್. ನೋಡಿದ್ರಾ, ಮ್ಯಾನುಯಲ್‌ಗೆ ಹೆದರಿ ಟಾರ್ಕ್ ಕಡಿಮೆ ಮಾಡಿದ್ದಾರೆ ಅಂತ ವಾದ. ಹೌದು, ಮಾಡಿದ್ದಾರೆ. ಆದರೆ ಅದು ಆ ಒಂದು ಗೇರ್‌ಬಾಕ್ಸಿನ ಮಿತಿ, ಮ್ಯಾನುಯಲ್ ಅನ್ನೋ ಜಾತಿಯ ಮಿತಿ ಅಲ್ಲ. ಗೇರಿನ ಹಲ್ಲು ಅಗಲ ಮಾಡಿ, ಶಾಫ್ಟ್ ದಪ್ಪ ಮಾಡಿ, ಕ್ಲಚ್ ದೊಡ್ಡದು ಹಾಕಿದರೆ ಇನ್ನೂ ಎಷ್ಟೋ ಹೆಚ್ಚು ತಡೆಯುತ್ತದೆ. ಅಮೆರಿಕದ ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್ ನೋಡಿ. 6.2 ಲೀಟರ್ ಸೂಪರ್‌ಚಾರ್ಜ್ಡ್ ವಿ8, 668 ಎಚ್‌ಪಿ, ಹತ್ತಿರ ಹತ್ತಿರ 890 ನ್ಯೂಟನ್ ಮೀಟರ್ ಟಾರ್ಕ್. ಅದರ ಹಿಂದೆ ಕೂತಿರುವುದು ಗೇರ್‌ಬಾಕ್ಸ್ ಮಾಡುವ ಟ್ರೆಮೆಕ್ ಕಂಪನಿಯವರ ಆರು ಗೇರಿನ ಮ್ಯಾನುಯಲ್. ಕಂಪನಿಯೇ ವಾರಂಟಿ ಕೊಟ್ಟು ಮಾರಿದ ಕಾರು ಇದು, ಯಾರೋ ಗ್ಯಾರೇಜಿನಲ್ಲಿ ಕೂತು ಕಟ್ಟಿದ್ದಲ್ಲ.

ಇನ್ನೂ ನಂಬಿಕೆ ಬರಲಿಲ್ವಾ? ಪೋರ್ಶೆ 2013ರಲ್ಲಿ 911 ಜಿಟಿ3ಯನ್ನು ಪಿಡಿಕೆ ಅನ್ನುವ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್‌ನಲ್ಲಿ ಮಾತ್ರ ಬಿಟ್ಟಿತು, ಆಗ ಪವರ್ 475 ಪಿಎಸ್ (ಇದೂ ಎಚ್‌ಪಿ ಥರದ್ದೇ ಅಳತೆ). ಮ್ಯಾನುಯಲ್ ಪ್ರಿಯರು ಬೊಬ್ಬೆ ಹೊಡೆದರು. 2016ರಲ್ಲಿ 911 ಆರ್ ಬಂತು, ಬರೀ ಮ್ಯಾನುಯಲ್, 500 ಪಿಎಸ್. ಮರುವರ್ಷ ಜಿಟಿ3ಗೂ ಮ್ಯಾನುಯಲ್ ವಾಪಸ್ ಬಂತು, ಅದೂ 500 ಪಿಎಸ್. ಅಂದರೆ ಪವರ್ ಜಾಸ್ತಿ ಆದ ಮೇಲೆ ಮ್ಯಾನುಯಲ್ ಬಂದಿದೆ! ಟೊಯೊಟಾ ಜಿಆರ್ ಸುಪ್ರಾ ಕಥೆಯೂ ಹೀಗೇ. 2019ರಲ್ಲಿ ಆಟೊಮ್ಯಾಟಿಕ್ ಮಾತ್ರ, 2022ರಲ್ಲಿ ಅದೇ 3 ಲೀಟರ್ ಎಂಜಿನ್‌ಗೆ ಮ್ಯಾನುಯಲ್.

ಹಾಗಾದರೆ ನಿಲ್ಲಿಸುವುದು ಯಾಕೆ? ಕೊಳ್ಳುವವರು ಕಡಿಮೆ. ಡ್ಯುಯಲ್ ಕ್ಲಚ್ ನಮ್ಮ ಕೈಗಿಂತ ಬೇಗ ಗೇರ್ ಹಾಕುತ್ತದೆ. ಹೊಗೆ ಪರೀಕ್ಷೆ, ಮೈಲೇಜ್ ಪರೀಕ್ಷೆಗಳನ್ನು ಮ್ಯಾನುಯಲ್‌ಗೆ ಅಂತ ಇನ್ನೊಂದು ಸಲ ಮಾಡಿಸಬೇಕು. ಲೆಕ್ಕಾಚಾರ ಅಷ್ಟೇ.

ಇನ್ನು ‘ನನ್ನ ಫ್ರೆಂಡ್‌ದು ಗೇರ್‌ಬಾಕ್ಸ್ ಹೋಯ್ತು’ ಅನ್ನೋ ಮಾತು. ವಿಚಾರಿಸಿದರೆ ಹೋಗಿರುವುದು ಸಾಮಾನ್ಯವಾಗಿ ಕ್ಲಚ್. ನಿಸಾನ್ 370ಝಡ್‌ನಲ್ಲಿ ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಅನ್ನೋ ಕವಚದ ಒಳಗೇ ಇದೆ. ಅದು ಸೋರಿದರೆ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಅದನ್ನು ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಬೇಕು, ಬಿಲ್ ನೋಡಿದವನು ಗೇರ್‌ಬಾಕ್ಸೇ ಹೋಯ್ತು ಅಂತ ಊರೆಲ್ಲ ಹೇಳುತ್ತಾನೆ. ಒಳಗಿನ ಗೇರುಗಳು ಸುಮ್ನೆ ಕೂತಿರುತ್ತವೆ, ಪಾಪ.

ನಿಜವಾಗಿ ಗೇರ್‌ಬಾಕ್ಸೇ ಮುರಿದದ್ದೂ ಇದೆ. ಮಾಜ್ದಾ ಎಂಎಕ್ಸ್-5ರ ಎನ್‌ಡಿ ತಲೆಮಾರಿನ ಮೊದಮೊದಲ ಕಾರುಗಳಲ್ಲಿ ಗೇರ್ ಮುರಿದವು, ಆಮೇಲೆ ಕಂಪನಿ ಒಳಗಿನ ಭಾಗಗಳನ್ನು ಬದಲಿಸಿತು. ಸ್ವಾರಸ್ಯ ಏನು ಗೊತ್ತಾ? ಅದು ಬರೀ 2 ಲೀಟರಿನ, ಟರ್ಬೊ ಇಲ್ಲದ, ಸಾಧು ಎಂಜಿನ್. ಬಾಳಿಕೆ ಬರೀ ಪವರ್ ಮೇಲೆ ನಿಂತಿಲ್ಲ ಅನ್ನೋಕೆ ಇನ್ನೇನು ಬೇಕು?

ಕ್ಲಚ್ ಉಳಿಸಿಕೊಳ್ಳುವುದು ನಿಮ್ಮ ಕಾಲಲ್ಲಿದೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಹಾಫ್ ಕ್ಲಚ್ ಒತ್ತಿಕೊಂಡು ತೆವಳುವ ಅಭ್ಯಾಸ ಇದ್ದರೆ ಯಾವ ಕಾರಾದರೂ ಅಷ್ಟೇ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಮಾತ್ರ ಹಿಂದೆಯೇ ಉಳಿದರೆ ಕ್ಲಚ್ ಪ್ಲೇಟ್ ಸ್ಲಿಪ್ ಆಗುತ್ತಿದೆ ಅಂತ ಅರ್ಥ. ಗೇರ್ ಲಿವರ್ ಮೇಲೆ ಕೈ ಊರಿಕೊಂಡು ಓಡಿಸಬೇಡಿ, ಆ ಭಾರ ಒಳಗೆ ಗೇರ್ ಬದಲಿಸುವ ಫೋರ್ಕ್ ಮೇಲೆ ಬೀಳುತ್ತದೆ. ಗೇರ್ ಆಯಿಲ್ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿ. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಬಾಕ್ಸಿಗೆ ‘ಇದು ಇನ್ನೂ ಒಳ್ಳೇದು ಸಾರ್’ ಅಂತ ಜಿಎಲ್-5 ಸುರಿಯಲು ಬಂದರೆ ಬೇಡ ಅನ್ನಿ. ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆ ಸಿಂಕ್ರೊ ರಿಂಗ್‌ಗಳಿಗೆ ಅದು ಆಗಿಬರುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಮ್ಯಾನುಯಲ್ ಸ್ಪೋರ್ಟ್ಸ್ ಕಾರಿನಲ್ಲಿ ನಾನು ಹೆದರುವುದು ಎಂಜಿನ್‌ಗೆ. ಫುಲ್ ಆರ್‌ಪಿಎಂನಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಆರ್‌ಪಿಎಂ ಮಿತಿ ಕಾಯುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ನಿಲ್ಲಿಸಲು ಆಗಲ್ಲ. ವಾಲ್ವ್ ಸಮಯಕ್ಕೆ ಮುಚ್ಚಿಕೊಳ್ಳದೆ ಪಿಸ್ಟನ್‌ಗೆ ಬಡಿದು ಬಾಗಬಹುದು. ಆಟೊಮ್ಯಾಟಿಕ್ ಆದರೆ ಅಂಥ ಗೇರನ್ನು ಹಾಕಲು ಕಂಪ್ಯೂಟರೇ ಒಪ್ಪುವುದಿಲ್ಲ. ಪೋರ್ಶೆಗಳಲ್ಲಿ ಹೀಗೆ ಮಿತಿ ಮೀರಿದ್ದು ಇಸಿಯು ಅನ್ನೋ ಎಂಜಿನ್ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತದೆ, ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಆಯಿತು ಅನ್ನೋದರ ಸಮೇತ. ಕೊಳ್ಳುವ ಮುಂಚೆ ಆ ರಿಪೋರ್ಟ್ ತೆಗೆಸಿ ನೋಡಿ. ಮಾರುವವರು ‘ಅದೆಲ್ಲಾ ಯಾಕೆ ಸಾರ್’ ಅಂದರೆ ಬೇರೆ ಕಾರು ಹುಡುಕಿ.