ಮುರಿದ ಚೂರಿನ ಮೇಲಿನ ಹೆಸರು ತಂದೆಯದೋ, ಮಗನದೋ?

ಪ್ರಾಚೀನ ಗ್ರೀಕ್ ಬರಹಗಳಲ್ಲಿ ಅರ್ಧಂಬರ್ಧ ಉಳಿದ ವ್ಯಕ್ತಿನಾಮಗಳನ್ನು ಓದುವ ಅಭ್ಯಾಸಕ್ಕೆ ಅಥೆನ್ಸ್‌ನ ಬಹಿಷ್ಕಾರ ಮತದಾನದ ಮಡಕೆ ಚೂರುಗಳು ಬಹಳ ಒಳ್ಳೆಯ ಸಾಮಗ್ರಿ. ಕ್ರಿ.ಪೂ. 5ನೆಯ ಶತಮಾನದಲ್ಲಿ, ಯಾರನ್ನು 10 ವರ್ಷ ನಗರದಿಂದ ಹೊರಗಿಡಬೇಕೋ ಅವನ ಹೆಸರನ್ನು ನಾಗರಿಕರು ಚೂರಿನ ಮೇಲೆ ಗೀರುತ್ತಿದ್ದರು. ಮೊದಲು ಪ್ರಥಮಾ ವಿಭಕ್ತಿಯಲ್ಲಿ ಅವನ ಹೆಸರು, ಬಳಿಕ ಷಷ್ಠಿಯಲ್ಲಿ ತಂದೆಯ ಹೆಸರು, ಕೆಲವೊಮ್ಮೆ ಡೀಮ್ ಎಂಬ ಊರುವಿಭಾಗದ ಹೆಸರು ಬರುತ್ತದೆ. ಮುದ್ರಿತ ಪಾಠದಲ್ಲಿ ಚೌಕ ಆವರಣದೊಳಗಿರುವುದು ಸಂಪಾದಕರು ತುಂಬಿದ ಭಾಗ. ಅಕ್ಷರದ ಕೆಳಗಿನ ಚುಕ್ಕೆ ಓದು ಖಚಿತವಲ್ಲ ಎಂಬುದರ ಗುರುತು. ಇದು ಪ್ರಾಚೀನ ಬರಹಗಳನ್ನು ಮುದ್ರಿಸುವ 1931ರ ಲೈಡನ್ ಪದ್ಧತಿ.

ನಿಜವಾದ ತೊಡಕಿರುವುದು ಸ್ವರಗಳಲ್ಲಿ. ಕ್ರಿ.ಪೂ. 403ರ ಸುಮಾರಿಗೆ ದೀರ್ಘ ಓಕಾರಕ್ಕೆ ಬೇರೆ ಅಕ್ಷರವಿದ್ದ ಅಯೋನಿಯನ್ ಲಿಪಿಯನ್ನು ಅಧಿಕೃತವಾಗಿ ಒಪ್ಪುವವರೆಗೆ ಅಥೆನ್ಸ್‌ನಲ್ಲಿ ಹ್ರಸ್ವ ಒಕಾರ, ದೀರ್ಘ ಓಕಾರ, ಷಷ್ಠಿಯ ಕೊನೆಯ ಊಕಾರ ಮೂರಕ್ಕೂ ಸಾಮಾನ್ಯವಾಗಿ ಓಮಿಕ್ರಾನ್ (Ο) ಎಂಬ ಅಕ್ಷರವೊಂದನ್ನೇ ಬರೆಯುತ್ತಿದ್ದರು. ಅಥೆನ್ಸ್‌ನ ರಾಜಕಾರಣಿ ಥೆಮಿಸ್ಟೋಕ್ಲೀಸನ ಹೆಸರಿನ ಚೂರುಗಳಲ್ಲಿ ಬರುವ 'ನೆಒಕ್ಲೆಒಸ್' ಸಿಗ್ಮಾದಲ್ಲಿ, ಅಂದರೆ ಸಕಾರದಲ್ಲಿ, ಮುಗಿಯುವುದರಿಂದ ಪ್ರಥಮೆಯಂತೆ ಕಂಡರೂ ಅದು ತಂದೆಯ ಹೆಸರಿನ ಷಷ್ಠಿ ರೂಪ.

ಇದಕ್ಕಿಂತ ಸೂಕ್ಷ್ಮವಾದದ್ದು 'ಕ್ಸಾಂಥಿಪ್ಪೊ'. ಚೂರಿನಲ್ಲಿ ಇಷ್ಟೇ ಉಳಿದಿದೆ ಎಂದಿಟ್ಟುಕೊಳ್ಳೋಣ. ಮುಂದೆ ಒಂದು ಸಿಗ್ಮಾ ಇದ್ದು ಅಳಿಸಿಹೋಗಿದ್ದರೆ ಅದು ಪ್ರಥಮೆ. ಆಗ ಮತ ಬಿದ್ದದ್ದು ಕ್ರಿ.ಪೂ. 484ರಲ್ಲಿ ಬಹಿಷ್ಕೃತನಾದ, ಆರಿಫ್ರಾನನ ಮಗ ಕ್ಸಾಂಥಿಪ್ಪಸನಿಗೆ ಎನ್ನಬಹುದು. ಸಿಗ್ಮಾ ಇರಲೇ ಇಲ್ಲವೆಂದಾದರೆ ಅದು ಷಷ್ಠಿ. ಆಗ ಮತ ಅವನ ಮಗನಿಗೆ, ಬಹುಮಟ್ಟಿಗೆ ಅಥೆನ್ಸ್‌ನ ನಾಯಕ ಪೆರಿಕ್ಲೀಸನಿಗೆ, ಬಿದ್ದದ್ದು, ಮತ್ತು ಚೂರಿನ ಕಾಲ ದಶಕಗಳಷ್ಟು ಈಚೆಗೆ ಸರಿಯುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ಅಲ್ಲಿಯೂ ಇತ್ತು. ಪೆರಿಕ್ಲೀಸನ ಹಿರಿಯ ಮಗನೂ ಕ್ಸಾಂಥಿಪ್ಪಸನೇ ಆದ್ದರಿಂದ ಹೆಸರೊಂದನ್ನೇ ನೆಚ್ಚಿಕೊಳ್ಳಲಾಗದು.

ಹಾಗಾಗಿ ನಾನು ಮೊದಲು ನೋಡುವುದು ಅಕ್ಷರವನ್ನಲ್ಲ, ಓಮಿಕ್ರಾನಿನ ಬಲಗಡೆಯ ಮಣ್ಣನ್ನು. ಅಲ್ಲಿ ಇನ್ನೊಂದು ಅಕ್ಷರ ಹಿಡಿಸುವಷ್ಟು ಮೂಲ ಮೇಲ್ಮೈ ಗೀರಿಲ್ಲದೆ ಉಳಿದಿದ್ದರೆ ಷಷ್ಠಿ ಎಂಬ ಓದಿಗೆ ಬಲ ಬರುತ್ತದೆ. ಮೇಲಿನ ಸಾಲಿನಲ್ಲಿ 'ಕ್ಲೆಸ್' ಎಂಬ ತುದಿ ಕಂಡರೆ ಪೆರಿಕ್ಲೀಸ್ ಎನ್ನಲು ಹೆಚ್ಚು ಅನುಮಾನ ಉಳಿಯುವುದಿಲ್ಲ. ಕೆಳಗಿನ ಸಾಲಿನಲ್ಲಿ 'ಆರಿಫ್ರೊನೊಸ್' ಎಂಬುದರ ತುಣುಕಿದ್ದರೆ ತಂದೆಯೇ ಸರಿ. ಅಂಚು ಓಮಿಕ್ರಾನಿಗೆ ತಾಗಿಯೇ ಒಡೆದಿದ್ದು ಬೇರೆ ಸುಳಿವೂ ಇಲ್ಲದಿದ್ದರೆ ಸಿಗ್ಮಾವನ್ನು ತುಂಬಬಾರದು; ಚೌಕ ಆವರಣ ತೆರೆದು ಗೆರೆಯೆಳೆದು ಬಿಡಬೇಕು.

ಅಕ್ಷರಗಳನ್ನು ಅಡ್ಡಕ್ಕೂ ಉದ್ದಕ್ಕೂ ಸಾಲುಹಿಡಿದು ಕೆತ್ತಿದ ಸ್ಟೊಯಿಖೆಡಾನ್ ಶೈಲಿಯ ಕಲ್ಲುಗಳಲ್ಲಾದರೆ ಕಳೆದುಹೋದ ಅಕ್ಷರಗಳ ಸಂಖ್ಯೆಯನ್ನೇ ಲೆಕ್ಕ ಹಾಕಬಹುದು. ಕೈಗೆ ಸಿಕ್ಕ ಚೂರಿನ ಮೇಲೆ ಗೀರಿದ ಬರಹಕ್ಕೆ ಆ ಲೆಕ್ಕ ನಡೆಯುವುದಿಲ್ಲ.