ಬಿಕಾಂ ಆದ ಮೇಲೆ ಫೊರೆನ್ಸಿಕ್ ಅಕೌಂಟಿಂಗ್: ಮೊದಲು ಸಿಎ ಮಾಡಲೇಬೇಕಾ?

ಓದುಗರ ಪ್ರಶ್ನೆ: ಮೇಡಂ, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವಳು. ಈ ವರ್ಷ ಬಿಕಾಂ ಮುಗಿಯುತ್ತದೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಪ್ಪ ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನನಗೆ ಫೊರೆನ್ಸಿಕ್ ಅಕೌಂಟಿಂಗ್, ಅಂದರೆ ಲೆಕ್ಕದೊಳಗಿನ ವಂಚನೆ ಪತ್ತೆಹಚ್ಚುವುದನ್ನು ಕಲಿಯಬೇಕೆಂದು ಆಸೆ. ಅದಕ್ಕೆ ಮೊದಲು ಸಿಎ ಮಾಡಲೇಬೇಕಾ, ಇಲ್ಲ ಸ್ನಾತಕೋತ್ತರ ಪದವಿ ಮಾಡಿದರೆ ಸಾಕಾ? ಕಲಿತರೆ ನಮ್ಮ ಕಡೆ ಕೆಲಸ ಉಂಟಾ? ಮನೆಯಲ್ಲಿ ಎಲ್ಲರೂ ಬಿಎಡ್ ಮಾಡು ಅಂತಾರೆ.

ಉತ್ತರ: ಮನೆಯವರ ಮಾತಿಗೆ ಆಮೇಲೆ ಬರುತ್ತೇನೆ. ನೀವು ಕೇಳಿದ್ದಕ್ಕೆ ಮೊದಲು ನೇರ ಉತ್ತರ ಕೊಡುತ್ತೇನೆ. ಸಿಎ ಮಾಡಲೇಬೇಕೆಂಬ ನಿಯಮ ಇಲ್ಲ. ಆದರೆ 'ಫೊರೆನ್ಸಿಕ್' ಎಂಬ ಹೆಸರಿರುವ ಪದವಿಯೊಂದನ್ನೇ ನಂಬಿ ಹೊರಟವರಿಗೆ ಈ ಕೆಲಸ ಒಲಿಯುವುದು ಕಷ್ಟ. ಸರಿಯಾದ ಲೆಕ್ಕ ಹೇಗಿರುತ್ತದೆ ಎಂದು ನೂರಾರು ಪುಸ್ತಕ ತಿರುವಿ ಗೊತ್ತಿದ್ದವರ ಕಣ್ಣಿಗೆ ಮಾತ್ರ ತಪ್ಪು ಲೆಕ್ಕ ಕುಕ್ಕುತ್ತದೆ. ಮೊದಲ ಎರಡು ಮೂರು ವರ್ಷ ಸಾಮಾನ್ಯ ಆಡಿಟ್ ಕೆಲಸದಲ್ಲಿ ಕೈ ಪಳಗಲಿ. ಫೊರೆನ್ಸಿಕ್ ಅದರ ಮೇಲೆ ಕಟ್ಟುವ ಮಾಳಿಗೆ.

ಯಾಕೆ ಇಷ್ಟು ಖಚಿತವಾಗಿ ಹೇಳುತ್ತೇನೆ ಎಂದರೆ, ಕೆಲವು ವರ್ಷಗಳ ಹಿಂದೆ ಒಂದು ಅಡಿಕೆ ವ್ಯಾಪಾರದ ಸ್ಟಾಕ್ ರಿಜಿಸ್ಟರ್ ನನ್ನ ಮೇಜಿಗೆ ಬಂದಿತ್ತು. ಗೋದಾಮಿನ ಅಡಿಕೆಯನ್ನು ಅಡವಾಗಿ ತೋರಿಸಿ ಬ್ಯಾಂಕಿನಿಂದ ಸಾಲ ತೆಗೆದಿದ್ದರು, ಕಂತು ನಿಂತುಹೋಗಿತ್ತು. ಖರೀದಿ ಬಿಲ್ಲುಗಳೆಲ್ಲ ಇದ್ದವು. ಕೂಡಿಸಿದರೆ ಮೊತ್ತ ಸರಿ. ಜಿಎಸ್‌ಟಿ ರಿಟರ್ನಿಗೂ ತಾಳೆ. ಎರಡು ದಿನ ಕೂತು ನೋಡಿದೆ, ಏನೂ ಸಿಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಜಗಲಿಯಲ್ಲಿ ಅತ್ತೆ ಸುಲಿದ ಅಡಿಕೆ ಹೆಕ್ಕುತ್ತಾ ಕೂತಿದ್ದರು. ಒಳ್ಳೆಯದು ಗೋಣಿಗೆ, ಬಿರಿದ ಪಟೋರ ಒಂದು ಕಡೆ, ಕಪ್ಪಾಗಿ ಹಾಳಾದ ಕರಿಗೋಟು ಪಕ್ಕದ ಗೆರಸೆಗೆ.

ಆಗ ಹೊಳೆಯಿತು. ಆ ರಿಜಿಸ್ಟರಿನಲ್ಲಿ ಕರಿಗೋಟೇ ಇರಲಿಲ್ಲ! ರೈತರಿಂದ ಹೆಕ್ಕದ ಅಡಿಕೆ ಕೊಂಡು ಗಾರ್ಬಲ್ ಮಾಡಿದ್ದೇವೆ, ಅಂದರೆ ಹೆಕ್ಕಿ ವಿಂಗಡಿಸಿದ್ದೇವೆ ಎಂದು ಬರೆದಿದ್ದರು. ಹೆಕ್ಕಿದ ಮೇಲೆ ಉಳಿಯಲೇಬೇಕಾದ ಪಟೋರವಾಗಲಿ ಕರಿಗೋಟಾಗಲಿ ಒಂದು ಕಿಲೋ ಕೂಡ ಎಲ್ಲೂ ಕಾಣಲಿಲ್ಲ. ಫೆಬ್ರವರಿಯಲ್ಲಿ ಒಳಗಿಟ್ಟ ಅಡಿಕೆ ಜುಲೈಯಲ್ಲೂ ಅಷ್ಟೇ ತೂಕ, ಒಂದು ಕಿಲೋ ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಮ್ಮ ಅಪ್ಪನನ್ನು ಕೇಳಿ ನೋಡಿ, ನಿಜವಾದ ಅಡಿಕೆ ಹಾಗೆ ಇರುವುದುಂಟಾ ಎಂದು. ಆಮೇಲೆ ಬಿಲ್ಲುಗಳಲ್ಲಿದ್ದ ಗಾಡಿ ನಂಬರುಗಳನ್ನು ಒಂದೊಂದಾಗಿ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿದೆವು. ಒಂಬತ್ತು ಟನ್ ಹೊತ್ತಿತ್ತೆಂದು ಬರೆದಿದ್ದ ಒಂದು ನಂಬರು ಪ್ರಯಾಣಿಕರ ಆಟೋರಿಕ್ಷಾದ್ದು.

ಇರುವುದನ್ನು ತಾಳೆ ನೋಡುವುದು ಆಡಿಟ್. ಇರಬೇಕಾಗಿದ್ದು ಯಾಕೆ ಇಲ್ಲ ಎಂದು ಕೇಳುವಲ್ಲಿಂದ ನಮ್ಮ ಕೆಲಸ ಶುರು. ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಆ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ. ಅಡಿಕೆ ಅಂಗಡಿಯ ಲೆಕ್ಕದ ಮನೆಯಲ್ಲಿ ಬೆಳೆದದ್ದು ನಿಮಗೆ ಎಷ್ಟು ದೊಡ್ಡ ಬಂಡವಾಳ ಎಂದು ನಿಮಗಿನ್ನೂ ಗೊತ್ತಾಗಿಲ್ಲ ಅನಿಸುತ್ತದೆ.

ಆದರೆ ಅನುಮಾನ ಬಂದರೆ ಸಾಲದು. ಫೊರೆನ್ಸಿಕ್ ಎಂಬ ಶಬ್ದ ಬಂದದ್ದು ಲ್ಯಾಟಿನ್ನಿನ 'ಫೋರಂ'ನಿಂದ. ಪ್ರಾಚೀನ ರೋಮಿನಲ್ಲಿ ಜನ ಸೇರುತ್ತಿದ್ದ, ನ್ಯಾಯ ತೀರ್ಮಾನವೂ ಆಗುತ್ತಿದ್ದ ಚೌಕ ಅದು. ನೀವು ಹುಡುಕಿದ್ದು ನ್ಯಾಯಾಲಯದಲ್ಲಿ ನಿಲ್ಲಬೇಕು, ಎದುರು ವಕೀಲರು ಅಡ್ಡ ಪ್ರಶ್ನೆ ಹಾಕಿದಾಗಲೂ ಅಲುಗಾಡಬಾರದು. ಎಷ್ಟೋ ಬುದ್ಧಿವಂತರು ಸೋಲುವುದು ಇಲ್ಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನಿಂದ ತೆಗೆದ ದಾಖಲೆಯ ಜೊತೆ ಪ್ರಮಾಣಪತ್ರ ಇರಬೇಕು, ಅದರಲ್ಲಿ ಆ ಫೈಲಿನ 'ಹ್ಯಾಶ್' ಬರೆದಿರಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ನನ್ನ ಮೊದಲ ಕೆಲಸದಲ್ಲಿ ಕ್ಯಾಷಿಯರ್ ಒಬ್ಬರ ಎಕ್ಸೆಲ್ ಹಾಳೆಯನ್ನು ಪೆನ್ ಡ್ರೈವಿನಿಂದ ನೇರವಾಗಿ ತೆರೆದು, ಕಾಲಂ ಅಗಲ ಮಾಡಿ, ಸೇವ್ ಕೊಟ್ಟುಬಿಟ್ಟಿದ್ದೆ. ಫೈಲು ಕೊನೆಯ ಬಾರಿ ಬದಲಾದ ದಿನಾಂಕ ನಾನು ಮುಟ್ಟಿದ ದಿನದ್ದಾಯಿತು. ಒಂದೇ ಕ್ಲಿಕ್ಕಿಗೆ ಅಷ್ಟು ಮುಖ್ಯವಾದ ದಾಖಲೆ ಸಾಕ್ಷ್ಯವಾಗಿ ದುರ್ಬಲವಾಯಿತು. ಈಗ ಮೂಲಕ್ಕೆ ಕೈ ಹಚ್ಚುವುದಿಲ್ಲ. ಮೊದಲು ಹ್ಯಾಶ್, ಆಮೇಲೆ ಪ್ರತಿ, ಕೆಲಸವೆಲ್ಲ ಪ್ರತಿಯ ಮೇಲೆ.

ದಾಖಲೆ ಯಾರ ಕೈಯಿಂದ ಬಂತು ಎಂಬುದೂ ಅಷ್ಟೇ ಮುಖ್ಯ. ಸತ್ಯಂ ಹಗರಣದ ಹೆಸರು ನಿಮ್ಮ ಪಠ್ಯದಲ್ಲಿ ಬಂದಿರುತ್ತದೆ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ 5,040 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕು ಬರೀ ಕಾಗದದ ಮೇಲಿನದ್ದು ಎಂದು ಒಪ್ಪಿಕೊಂಡಿದ್ದರು. ಅಷ್ಟು ದೊಡ್ಡ ಸುಳ್ಳು ವರ್ಷಗಟ್ಟಲೆ ಹೇಗೆ ನಿಂತಿತು? ಬ್ಯಾಂಕಿನಿಂದ ನೇರವಾಗಿ ತರಿಸಬೇಕಾದ ಖಾತ್ರಿಪತ್ರಗಳು ಕಂಪನಿಯ ಕೈದಾಟಿ ಬಂದದ್ದನ್ನು ಲೆಕ್ಕಪರಿಶೋಧಕರು ನಂಬಿದ್ದು ಅದಕ್ಕೆ ಒಂದು ದೊಡ್ಡ ಕಾರಣ.

ಇನ್ನು ಓದಿನ ವಿಚಾರ. ನನ್ನ ಮೊದಲ ಸಲಹೆ ಸಿಎಯೇ. ವಾಣಿಜ್ಯ ಪದವಿಯಲ್ಲಿ 55 ಶೇಕಡಾ ಅಂಕ ಇದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟಿಗೆ ಸೇರಬಹುದು. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು, ಎರಡೇ ವರ್ಷ. ಆ ಎರಡು ವರ್ಷ ಸಿಗುವ ಸ್ಟೈಪೆಂಡ್ ಕಡಿಮೆ, ಕೆಲಸ ಜಾಸ್ತಿ. ಆದರೆ ನಾನು ಮೇಲೆ ಹೇಳಿದ 'ನೂರಾರು ಪುಸ್ತಕ' ನಿಮ್ಮ ಕೈಗೆ ಸಿಗುವುದು ಅಲ್ಲೇ. ಸಿಎ ಆದ ಮೇಲೆ ಸಿಎಗಳ ಸಂಸ್ಥೆಯಾದ ಐಸಿಎಐ ತನ್ನ ಸದಸ್ಯರಿಗೆಂದೇ ಫೊರೆನ್ಸಿಕ್ ಅಕೌಂಟಿಂಗ್ ಮತ್ತು ವಂಚನೆ ಪತ್ತೆಯ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಈ ಕೆಲಸಕ್ಕೆ ಐಸಿಎಐಯದ್ದೇ ಪ್ರತ್ಯೇಕ ಮಾನದಂಡಗಳಿವೆ. 2023ರ ಜುಲೈ 1ರಿಂದ ಸದಸ್ಯರಿಗೆ ಅವು ಕಡ್ಡಾಯ.

ಸಿಎ ಬೇಡ, ಅಥವಾ ಒಂದೆರಡು ಸಲ ಬರೆದು ಆಗಲಿಲ್ಲ ಎಂದಾದರೆ ದಾರಿ ಮುಚ್ಚಿತು ಅಂದುಕೊಳ್ಳಬೇಡಿ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಫೊರೆನ್ಸಿಕ್ ಅಕೌಂಟಿಂಗ್ ಮತ್ತು ವಂಚನೆ ತನಿಖೆಯಲ್ಲೇ ಎಂಬಿಎ ಇದೆ. ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಅದಕ್ಕೆ ಧಾರವಾಡದಲ್ಲೂ ಒಂದು ಕ್ಯಾಂಪಸ್ ಇರುವುದರಿಂದ, ಅರ್ಜಿ ಹಾಕುವಾಗ ನಿಮಗೆ ಬೇಕಾದ ಕೋರ್ಸ್ ಯಾವ ಕ್ಯಾಂಪಸ್ಸಿನದ್ದು ಎಂದು ಸರಿಯಾಗಿ ನೋಡಿಕೊಳ್ಳಿ. ಮನೆಯಿಂದ ದೂರ ಹೋಗಲು ಆಗದಿದ್ದರೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಕಾಂ ಇದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೂ ಇದೆ. ಎಂಕಾಂ ಎಂಬ ಹೆಸರು ಸಾಧಾರಣ ಅನಿಸಬಹುದು. ಆದರೆ ಪ್ರಬಂಧದ ವಿಷಯ ಆರಿಸುವುದು ನಿಮ್ಮ ಕೈಯಲ್ಲಿದೆ. ಸಹಕಾರಿ ಸಂಘಗಳ ಚಿನ್ನದ ಸಾಲದ ಮೇಲಿನ ಹತೋಟಿ ಎಲ್ಲಿ ಸಡಿಲ ಎಂದು ಎರಡು ವರ್ಷ ಅಭ್ಯಾಸ ಮಾಡಿದವರನ್ನು ಸಂದರ್ಶನದಲ್ಲಿ ಯಾರೂ ಸಾಧಾರಣ ಎಂದು ನೋಡುವುದಿಲ್ಲ.

ಹೊರದೇಶದವರು ಹೆಚ್ಚು ಕೇಳುವುದು ಸಿಎಫ್‌ಇ (ಸರ್ಟಿಫೈಡ್ ಫ್ರಾಡ್ ಎಕ್ಸಾಮಿನರ್). 1988ರಲ್ಲಿ ಶುರುವಾದ, ಅಮೆರಿಕದ ಆಸ್ಟಿನ್‌ನಲ್ಲಿ ಕಚೇರಿ ಇರುವ ಸಂಘ ಕೊಡುವ ಪ್ರಮಾಣಪತ್ರ ಅದು. ಪರೀಕ್ಷೆಯ ಜೊತೆಗೆ ಎರಡು ವರ್ಷದ ಅನುಭವವೂ ಬೇಕು. ಹಾಗಾಗಿ ಅದು ಕೆಲಸಕ್ಕೆ ಸೇರಿದ ಮೇಲಿನ ಮಾತು. ದುಬೈ, ಅಬುಧಾಬಿಯಲ್ಲಿ ಕೆಲಸ ನೋಡುವ ಯೋಚನೆ ಇದ್ದರೆ (ನಮ್ಮ ಜಿಲ್ಲೆಯಲ್ಲಿ ಆ ಯೋಚನೆ ಇಲ್ಲದ ಮನೆ ಯಾವುದು?) ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಆರು ವಾರದಲ್ಲಿ ಫೊರೆನ್ಸಿಕ್ ಆಡಿಟರ್ ಮಾಡುತ್ತೇವೆ ಎಂದು ಫೋನು ಮಾಡಿ ದುಡ್ಡು ಕೇಳುವವರಿಗೆ ಮಾತ್ರ ಒಂದು ಪೈಸೆಯೂ ಕೊಡಬೇಡಿ.

ಓದಿನ ಜೊತೆ ಎಕ್ಸೆಲ್ಲಿನಲ್ಲಿ ಕೈ ಓಡಬೇಕು, ಟ್ಯಾಲಿಯಲ್ಲಿ ಎಡಿಟ್ ಲಾಗ್ ಓದಲು ಬರಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದು ಯಾವಾಗ ಬದಲಾಯಿತು ಎಂಬ ಜಾಡು ಉಳಿಯಲೇಬೇಕು ಎಂಬ ನಿಯಮವಿದೆ. ಬೆನ್‌ಫರ್ಡ್ ನಿಯಮವನ್ನೂ ಕಲಿತುಕೊಳ್ಳಿ. ಸಹಜವಾಗಿ ಹುಟ್ಟಿದ ದೊಡ್ಡ ಲೆಕ್ಕದ ಪಟ್ಟಿಯಲ್ಲಿ ಸುಮಾರು 30 ಶೇಕಡಾ ಸಂಖ್ಯೆಗಳು 1ರಿಂದ ಶುರುವಾಗುತ್ತವೆ, 9ರಿಂದ ಶುರುವಾಗುವುದು 5 ಶೇಕಡಾಕ್ಕೂ ಕಡಿಮೆ. ಹಾಗಿರುವಾಗ ಒಂದು ಸಂಸ್ಥೆಯ ಖರ್ಚಿನ ಓಚರುಗಳಲ್ಲಿ 9,800, 9,900, 9,750 ಎಂದು 9ರ ಸಾಲೇ ನಿಂತಿದ್ದರೆ ನೀವು ಕೂತಲ್ಲಿಂದ ಏಳಬೇಕು. ಒಬ್ಬರಿಗೆ ಒಂದು ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಸಾಮಾನ್ಯವಾಗಿ ಅದನ್ನು ವ್ಯಾಪಾರದ ವೆಚ್ಚವಾಗಿ ಒಪ್ಪುವುದಿಲ್ಲ, ಅದಕ್ಕೇ ಅದರೊಳಗೆ ತುಂಡು ಮಾಡುತ್ತಾರೆ. ಎಲ್ಲ ತುಂಡೂ ವಂಚನೆಯೇ ಎಂದಲ್ಲ. ಕೂಲಿಯವರಿಗೆ ನಿಜವಾಗಿ ಬೇರೆ ಬೇರೆ ದಿನ ಕೊಟ್ಟದ್ದೂ ಇರಬಹುದು. ಹೋಗಿ ಕೇಳಬೇಕು.

ಕೆಲಸ ಉಂಟಾ ಎಂದು ಕೇಳಿದಿರಿ. ಉಂಟು, ಆದರೆ ಶುರುವಿಗೆ ಹೆಚ್ಚಿನದ್ದು ಬೆಂಗಳೂರು, ಕೊಚ್ಚಿ, ಮುಂಬಯಿಯಲ್ಲಿ. ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಇದಕ್ಕೇ ಬೇರೆ ವಿಭಾಗ ಇರುತ್ತದೆ. ಬ್ಯಾಂಕುಗಳು ಅನುಮಾನದ ಸಾಲಖಾತೆಗಳಿಗೆ ಫೊರೆನ್ಸಿಕ್ ಆಡಿಟ್ ಮಾಡಿಸುತ್ತವೆ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಇನ್ನೊಂದು ಬಾಗಿಲು ತೆರೆದಿದೆ. ಕಂಪನಿ ಮುಳುಗುವ ಮೊದಲು ಸಾಲ ಕೊಟ್ಟವರಲ್ಲಿ ಒಬ್ಬರಿಗೆ ಮಾತ್ರ ಅನುಕೂಲವಾಗುವಂತೆ ಆಸ್ತಿಪಾಸ್ತಿ ದಾಟಿಸಿದ್ದರೆ ಅದನ್ನು ಹುಡುಕಬೇಕು. ಕಂಪನಿಗೆ ಸಂಬಂಧಪಟ್ಟವರಿಗೇ ಕೊಟ್ಟದ್ದಾದರೆ ಎರಡು ವರ್ಷ ಹಿಂದಕ್ಕೆ, ಉಳಿದವರಿಗಾದರೆ ಒಂದು ವರ್ಷ ಹಿಂದಕ್ಕೆ ಕೆದಕಬೇಕು. ಸರ್ಕಾರದ ಕಡೆ ಕಂಪನಿ ವ್ಯವಹಾರಗಳ ಸಚಿವಾಲಯದಡಿ ಗಂಭೀರ ವಂಚನೆ ತನಿಖಾ ಕಚೇರಿ ಇದೆ. ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆ ಪಾಸಾದರೆ ಆದಾಯ ತೆರಿಗೆ, ಜಾರಿ ನಿರ್ದೇಶನಾಲಯ, ಸಿಬಿಐ, ಸಿಎಜಿ ಕಚೇರಿಗಳಿಗೂ ಹೋಗಬಹುದು. ಅದಕ್ಕೆ ಯಾವುದೇ ಪದವಿ ಸಾಕು.

ನಮ್ಮೂರಲ್ಲೇ ಇರಬೇಕು ಎಂದರೆ ನಾನು ತೋರಿಸುವುದು ಸಹಕಾರ ಇಲಾಖೆ. ಕೇರಳದಲ್ಲಿ ಹಳ್ಳಿಹಳ್ಳಿಗೂ ಸಹಕಾರಿ ಬ್ಯಾಂಕುಗಳಿವೆ, ಬಡವರ ದುಡಿಮೆಯ ಹಣ ಅಲ್ಲಿದೆ. ತ್ರಿಶೂರು ಜಿಲ್ಲೆಯ ಕರುವನ್ನೂರಿನ ಸಹಕಾರಿ ಬ್ಯಾಂಕಿನ ವಂಚನೆ ಪ್ರಕರಣ 2021ರಲ್ಲಿ ಹೊರಬಿದ್ದಾಗ ಠೇವಣಿ ಇಟ್ಟವರು ಪಟ್ಟ ಪಾಡನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಈ ಸಂಘಗಳ ಲೆಕ್ಕ ನೋಡುವ ಇಲಾಖೆಗೆ ಒಳಬರುವ ಮೊದಲ ಮೆಟ್ಟಿಲು ಪಿಎಸ್‌ಸಿಯ ಜೂನಿಯರ್ ಇನ್‌ಸ್ಪೆಕ್ಟರ್ ಹುದ್ದೆ. ಬಿಕಾಂನಲ್ಲಿ ಸಹಕಾರ ವಿಶೇಷ ವಿಷಯವಾಗಿದ್ದರೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಪದವಿಯ ಮೇಲೆ ಸಹಕಾರದ ಡಿಪ್ಲೊಮಾ, ಜೆಡಿಸಿ ಅಥವಾ ಎಚ್‌ಡಿಸಿ, ಮಾಡಬೇಕು. ಅಂಥ ಕುರ್ಚಿಗಳಲ್ಲಿ ಫೊರೆನ್ಸಿಕ್ ಕಣ್ಣಿನವರು ಕೂತರೆ ಎಷ್ಟು ಮನೆ ಉಳಿಯುತ್ತದೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಕನ್ನಡ ಮಾಧ್ಯಮ ಎಂದು ನೀವು ಅಳುಕಿನಿಂದ ಬರೆದ ಹಾಗೆ ಕಂಡಿತು. ನಮ್ಮ ಗ್ರಾಮ ಕಚೇರಿಯ ಕಾಗದ ಮಲಯಾಳದಲ್ಲಿ, ಬ್ಯಾಂಕಿನ ಮಂಜೂರಾತಿ ಪತ್ರ ಇಂಗ್ಲಿಷಿನಲ್ಲಿ, ಅಂಗಡಿಯ ಚಿಟ್ಟಾ ಪುಸ್ತಕ ಕನ್ನಡದಲ್ಲಿ, ರೈಟರ್ ಜೊತೆ ಮಾತು ತುಳುವಿನಲ್ಲಿ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾರಣ ಹಳೆಯ ಜಮೀನಿನ ದಸ್ತಾವೇಜುಗಳು ಎಷ್ಟೋ ಮನೆಗಳಲ್ಲಿ ಕನ್ನಡದಲ್ಲೇ ಇವೆ. ಒಂದೇ ಜಾಗವನ್ನು ಎರಡು ಕಡೆ ಅಡವಿಟ್ಟ ಒಂದು ಪ್ರಕರಣದಲ್ಲಿ ಕೊಚ್ಚಿಯಿಂದ ಬಂದ ತಂಡ ಹಳೆಯ ದಸ್ತಾವೇಜಿನ ಚಕ್ಕುಬಂದಿ ಓದಲಾಗದೆ ನಿಂತಿತ್ತು. ಪಡುವಣ ಗಡಿಗೆ 'ತೋಡು', ಅಂದರೆ ಸಣ್ಣ ಹಳ್ಳ ಎಂದು ಬರೆದಿತ್ತು, ಮಲಯಾಳದ ಹೊಸ ಕಾಗದದಲ್ಲಿ ಅದೇ ಜಾಗಕ್ಕೆ ರಸ್ತೆ. ಎರಡನ್ನೂ ಓದಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನು ನೀವು ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಅದು ಎರಡು ವರ್ಷದ ಅಭ್ಯಾಸದಲ್ಲಿ ಬರುತ್ತದೆ. ನಿಮಗೆ ಬರುವ ಆ ಮೂರು ನಾಲ್ಕು ಭಾಷೆ ಹೊರಗಿನಿಂದ ಬಂದವರಿಗೆ ಎರಡು ವರ್ಷದಲ್ಲಿ ಬರುವುದಿಲ್ಲ.

ಮನೆಯವರು ಬಿಎಡ್ ಎನ್ನುವುದು ಮಗಳಿಗೆ ಭದ್ರ ಕೆಲಸ ಇರಲಿ ಎಂಬ ಕಾಳಜಿಯಿಂದ. ಅವರೊಡನೆ ವಾದ ಬೇಡ. ಸಿಎ ಇಂಟರ್‌ಮೀಡಿಯೆಟಿಗೆ ಒಂದೂವರೆ ವರ್ಷ ಕೊಡಿ ಎಂದು ಲೆಕ್ಕ ಹಾಕಿ ಕೇಳಿ, ಎಷ್ಟು ಖರ್ಚು ಎಂದು ಬರೆದು ತೋರಿಸಿ. ಲೆಕ್ಕ ಬರೆಯುವ ಅಪ್ಪನಿಗೆ ಬರೆದ ಲೆಕ್ಕ ಅರ್ಥವಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಅಂಗಡಿಯ ಯಜಮಾನರ ಒಪ್ಪಿಗೆ ಕೇಳಿ ಅಪ್ಪನ ಜೊತೆ ಒಂದು ತಿಂಗಳು ಹೋಗಿ ಕೂತುಕೊಳ್ಳಿ. ತೂಕದ ಚೀಟಿಯಿಂದ ಬಿಲ್ಲಿಗೆ, ಬಿಲ್ಲಿನಿಂದ ರಿಜಿಸ್ಟರಿಗೆ, ಅಲ್ಲಿಂದ ಬ್ಯಾಂಕ್ ಪಾಸ್‌ಬುಕ್ಕಿಗೆ ಒಂದೇ ಗೋಣಿ ಅಡಿಕೆಯ ಹಿಂದೆ ಹೋಗಿ. ಎಷ್ಟು ಕಿಲೋ ಒಳಗೆ ಬಂತು, ಹೆಕ್ಕಿದ ಮೇಲೆ ಕರಿಗೋಟು ಎಷ್ಟು, ಪಟೋರ ಎಷ್ಟು, ಮಳೆಗಾಲ ಕಳೆದ ಮೇಲೆ ತೂಕ ಎಷ್ಟಾಗುತ್ತದೆ ಎಂದು ಅಪ್ಪನನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.